ರಾತ್ರಿ ಗುಳಿಗಿ

ಅಂಗಿಯ ಮೂರನೆಯ ಗುಂಡಿಗೆ ಬಂದು ಪಾರೀಸನ ಕೈ ನಿಂತುಬಿಟ್ಟಿತು. ಗುಂಡಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಇದ್ದ. ಮುಂದೇನು ಮಾಡಬೇಕೆಂಬುದು ಮಾತ್ರ ಮರೆತುಹೋದವನಂತೆ ಗೋಡೆಯತ್ತ ನೋಡುತ್ತಿದ್ದ. ಹಾಸಿಗೆ ಬಿಡಿಸುತ್ತಿದ್ದ ಅವನ ಹೆಂಡತಿ ಪೂನಮ್ ಮೊದಲು ಲಕ್ಷ್ಯ ಕೊಡಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಗಂಡಸರು ಹೆಂಡತಿ ಕೆಲಸ ಮಾಡುವಾಗ ಗೋಡೆ ನೋಡುತ್ತ ನಿಲ್ಲುವುದು ಹೊಸ ಸುದ್ದಿಯೇನಲ್ಲ.

"ಏನ್ರೀ, ಅಂಗಿ ಕಳ್ಯೂದು ಮರತ್ರೇನು?"

"ಇದು ಯಾರ ಅಂಗಿ?" ಎಂದ ಪಾರೀಸ.

ತಮಾಷೆ ಎಂದುಕೊಂಡು ನಕ್ಕವಳು ಅವನ ಮುಖ ನೋಡಿ ನಗು ನುಂಗಿಕೊಂಡಳು. ಡಿಸೆಂಬರ್ ತಿಂಗಳು. ಖಾನಾಪುರದ ಆ ಚಳಿಗೆ ಬೀದಿನಾಯಿಗಳು ಸಹ ಒಲೆಯ ಬೂದಿ ಹುಡುಕಿಕೊಂಡು ಮಲಗುತ್ತವೆ. ಅಂಥದರಲ್ಲಿ ಅವನ ಹಣೆಯಿಂದ ಬೆವರಿಳಿದು ಹುಬ್ಬಿನಲ್ಲಿ ನಿಂತಿತ್ತು. ಕೈ ಮುಟ್ಟಿದರೆ ಮಂಜಿನಷ್ಟು ತಣ್ಣಗಿತ್ತು. ಉಳಿದ ಗುಂಡಿಗಳನ್ನು ತಾನೇ ಬಿಚ್ಚಿ, ಅವನನ್ನು ಮಲಗಿಸಿ, ಮೇಲೆ ಕೌದಿ ಹೊದಿಸಿದಳು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ನಿದ್ದೆಯೋ ಮತ್ತೇನೋ ಎಂಬ ಅನುಮಾನದಿಂದ ಬಹಳ ಹೊತ್ತು ಅವನ ಉಸಿರನ್ನು ಆಲಿಸುತ್ತ ಕುಳಿತಳು.

ಸಕ್ಕರೆ ಏರಿದೆ ಎಂದು ತನ್ನಲ್ಲೇ ತೀರ್ಮಾನಿಸಿದಳು. ತೀರ್ಮಾನ ಪೂರ್ತಿ ತಿರುವುಮುರುವಾಗಿತ್ತು. ಆದರೆ ಹಾಗೆಂದು ಅವಳಿಗೆ ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಸಕ್ಕರೆ ಕಾಯಿಲೆ ಪಾರೀಸನಿಗೆ ಹೊಸದು. ಹೋದ ತಿಂಗಳು ಬೆಳಗಾವಿಯಲ್ಲಿ ಡಾಕ್ಟರೊಬ್ಬರು ರಕ್ತ ನೋಡಿ ಹೇಳಿದ್ದರು. ಒಳ್ಳೆಯ ಮನುಷ್ಯ, ಆದರೆ ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. "ಮುಂಜಾನೆ ತಿನ್ನೂಕಿಂತ ಮೊದಲ ಒಂದು, ರಾತ್ರಿ ಊಟಕ್ಕಿಂತ ಮೊದಲ ಒಂದು. ತಪ್ಪಿಸಬ್ಯಾಡ್ರಿ," ಎಂದವರೇ ಮುಂದಿನವರನ್ನು ಕರೆದರು. ಗಂಡ ಹೆಂಡತಿ ಇಬ್ಬರೂ ಗೋಣು ಹಾಕಿದರು. ಈ ಜೈನರ ಮನೆಯಲ್ಲಿ ರಾತ್ರಿ ಊಟ ಎಂಬುದೇ ಇಲ್ಲವೆಂದು ಡಾಕ್ಟರಿಗೆ ಗೊತ್ತಿರಲಿಲ್ಲ, ಇವರೂ ಹೇಳಲಿಲ್ಲ. ಹೊತ್ತು ಮುಳುಗುವುದರೊಳಗೆ ಉಂಡು ಕೈ ತೊಳೆಯುವುದು ಇವರಿಗೆ ಉಸಿರಾಡಿದಷ್ಟು ಸಹಜ. ಉಸಿರಾಡುತ್ತೇವೆ ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಬರುವಾಗ ಬಸ್ಸಿನಲ್ಲಿ ಪಾರೀಸನೇ ಕೇಳಿದ್ದ, "ಅಲ್ಲಾ, ನಮ್ಮಲ್ಲೆ ರಾತ್ರಿ ಊಟನ ಇಲ್ಲ. ಮತ್ತ ಈ ಗುಳಿಗಿ ಯಾವಾಗ ತಗೊಳ್ಳೂದು?"

"ಊಟಕ್ಕ ಮೊದಲ ಅನ್ನೂದು ರಾತ್ರಿ ಉಣ್ಣಾವರಿಗೆ. ನಮಗ ರಾತ್ರಿ ಅಂದ್ರ ರಾತ್ರಿ. ದೀಪ ಹಚ್ಚಿದ ಮ್ಯಾಲ ತಗೊಂಡ್ರಾತು," ಎಂದು ಪೂನಮ್ ತೀರ್ಪು ಕೊಟ್ಟಿದ್ದಳು. ಅಂದಿನಿಂದ ದೀಪ ಹಚ್ಚಿದ ಮೇಲೆ, ಒಂದು ದಿನವೂ ತಪ್ಪದೆ, ಕಾಸಿ ಆರಿಸಿದ ನೀರಿನ ಜೊತೆ ಗುಳಿಗೆಯನ್ನು ತಾನೇ ಅವನ ಅಂಗೈಯಲ್ಲಿಡುತ್ತಿದ್ದಳು. ಮತ್ತೆ ಅನ್ನ ಕಾಣುವುದು ಮರುದಿನ ಬೆಳಿಗ್ಗೆಯೇ.

ಹೊತ್ತು ಮುಳುಗಿದ ಮೇಲೆ ಉಣ್ಣದ ಈ ನೇಮ ಪಾರೀಸನದು. ಮಗ ಸುಯಶ ಆರು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ, ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದ. ಪಾರೀಸ ಅಲ್ಲಿಂದ ಓಡಿಹೋಗಿ, ಚಾತುರ್ಮಾಸಕ್ಕೆ ಬಸದಿಯಲ್ಲಿ ತಂಗಿದ್ದ ಮುನಿಮಹಾರಾಜರ ಎದುರು ನಿಂತು, ಹೊತ್ತು ಮುಳುಗಿದ ಮೇಲೆ ನೀರು, ಔಷಧ ಬಿಟ್ಟು ಸಾಯುವತನಕ ಏನೂ ಬಾಯಿಗೆ ಹಾಕುವುದಿಲ್ಲ ಎಂದು ನೇಮ ತೆಗೆದುಕೊಂಡ. ಮಹಾರಾಜರೇನೋ, ಇದು ಕೊಟ್ಟು ಕೊಳ್ಳುವ ವ್ಯವಹಾರ ಅಲ್ಲಪ್ಪ, ನಿನ್ನ ಆತ್ಮಕ್ಕಾಗಿ ಮಾಡು ಎಂದಿದ್ದರು. ಹೂಂ ಎಂದಿದ್ದ. ಮರುದಿನ ಮಗು ಕಣ್ಣು ತೆರೆದು ನೀರು ಕೇಳಿತು. ಅಂದೇ ಪಾರೀಸನ ಮನಸ್ಸಿನಲ್ಲಿ ಬೇರೊಂದು ಗಂಟು ಬಿದ್ದುಹೋಯಿತು: ಮಗನ ಜೀವ ಈ ನೇಮಕ್ಕೆ ಕಟ್ಟಿದೆ, ಇದು ಮುರಿದರೆ ಅದೂ ಮುರಿಯುತ್ತದೆ. ಪೂನಮ್ ಹಾಗೆಲ್ಲ ಏನಿಲ್ಲ ಎನ್ನುತ್ತಿದ್ದಳು. ಎನ್ನುವಾಗಲೂ ದನಿ ತಗ್ಗಿಸಿಯೇ ಎನ್ನುತ್ತಿದ್ದಳು.

ಗುಂಡಿ ಹಿಡಿದು ನಿಂತ ರಾತ್ರಿಯ ಮರುದಿನ, ಮಂಗಳವಾರ, ಅವಳು ಮನೆಯಲ್ಲಿದ್ದ ಸಕ್ಕರೆ ಡಬ್ಬಿ, ಬೆಲ್ಲದ ಪೆಂಟೆ ಎರಡನ್ನೂ ಬಾಜು ಮನೆಯ ಮಾಯವ್ವನಿಗೆ ಕೊಟ್ಟುಬಂದಳು. "ನೀವ ಇಟಗೊಳ್ರಿ ಕಾಕೂ. ಕಣ್ಣಿಗಿ ಬಿದ್ರ ಸಾಕು, ಚಾದಾಗ ಹಾಕ್ಕೋತಾರ." ಸಂಜೆಯ ಊಟದಲ್ಲಿ ಎರಡು ಜೋಳದ ಭಕ್ಕರಿ ಒಂದಕ್ಕಿಳಿಯಿತು. ಪಾರೀಸ ತಾಟು ನೋಡಿದ, ಅವಳನ್ನು ನೋಡಿದ, ಆಮೇಲೆ ಉಂಡ. ಅನ್ನ ಕಡಿಮೆ ಮಾಡಿದ ದಿನವೇ ಗುಳಿಗೆಯನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಕೊಟ್ಟಳು.

ಅವಳಿಗೆ ಕೂತು ಯೋಚಿಸಲು ಪುರುಸೊತ್ತಾದರೂ ಎಲ್ಲಿತ್ತು? ಮನೆಯಲ್ಲಿ ಮೂರು ಜನ, ಮೂವರದೂ ಅರ್ಧರ್ಧ ಕೆಲಸ. ಬೆಳಗಾವಿಯ ಆಟೋ ನಗರದ ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ನಡೆಸುವ ಪಾರೀಸನಿಗೆ ಆರ್ಡರ್ ಇಲ್ಲವೆಂದು ಮಾಲೀಕ ತಾಸು ಕಡಿಮೆ ಮಾಡಿದ್ದ, ಅದಕ್ಕೆ ತಕ್ಕ ಹಾಗೆ ಪಗಾರವನ್ನೂ. ಸುಯಶ ಹಗಲು ಕಾಲೇಜಿಗೆ ಹೋಗಿ, ಸಂಜೆ ಬೆಳಗಾವಿಯ ಓಣಿಗಳಲ್ಲಿ ಹಳೆಯ ಬೈಕಿನ ಮೇಲೆ ಊಟದ ಪಾರ್ಸೆಲ್ ಮುಟ್ಟಿಸುತ್ತಿದ್ದ. ಪೂನಮ್ ಟಿಳಕವಾಡಿಯಲ್ಲಿ ಬಸವಣ್ಣೆವ್ವ ನಡೆಸುವ ಖಾನಾವಳಿಯಲ್ಲಿ ಮಧ್ಯಾಹ್ನದವರೆಗೆ ರೊಟ್ಟಿ ಬಡಿಯುತ್ತಿದ್ದಳು. ಬಸ್ಸು ಹೆಂಗಸರಿಗೆ ಪುಕ್ಕಟೆ ಆಗಿರದಿದ್ದರೆ ಖಾನಾಪುರದಿಂದ ಅಷ್ಟು ದೂರ ಬಂದು ಬಡಿದದ್ದಕ್ಕೆ ಕೈಯಲ್ಲಿ ಹಿಟ್ಟಷ್ಟೇ ಉಳಿಯುತ್ತಿತ್ತು. ಮೂರು ಅರ್ಧಗಳನ್ನು ಕೂಡಿಸಿದರೆ ಒಂದೂವರೆ ಆಗಬೇಕು; ಈ ಮನೆಯಲ್ಲಿ ತಿಂಗಳ ಕೊನೆಗೆ ಒಂದೂ ಆಗುತ್ತಿರಲಿಲ್ಲ. ಅದಕ್ಕೇ ಡಾಕ್ಟರು ಕೊಳ್ಳಲು ಹೇಳಿದ್ದ ಸಕ್ಕರೆ ನೋಡುವ ಚಿಕ್ಕ ಮಷಿನ್ನು ಮುಂದಿನ ತಿಂಗಳಿಗೆ ಹೋಗಿತ್ತು.

ಮಧ್ಯಾಹ್ನ ಕೈ ತೊಳೆದುಕೊಂಡರೆ ಅವಳ ಕಣ್ಣೆಲ್ಲ ಆಕಾಶದ ಮೇಲೆ. ಬಸ್ಸು ಪೀರನವಾಡಿ ದಾಟುವಾಗ ಸೂರ್ಯ ಎಲ್ಲಿದ್ದಾನೆ, ಮಚ್ಛೆಯಲ್ಲಿ ಎಷ್ಟು ಇಳಿದಿದ್ದಾನೆ ಎಂದು ನೋಡುತ್ತಲೇ ಊರು ಸೇರುತ್ತಿದ್ದಳು. ಗಂಡ ಬರುವುದರೊಳಗೆ ಒಲೆ ಹೊತ್ತಬೇಕು, ಬೆಳಕಿರುವುದರೊಳಗೆ ಅವನು ಉಣ್ಣಬೇಕು.

ಬುಧವಾರ ಸಂಜೆ ಪಾರೀಸ ಅಂಗಳದ ನಳದ ಹತ್ತಿರ ಹೋದವನು ತೂರಾಡಿ ಕೊಡದ ಮೇಲೆ ಬಿದ್ದ. ಮಾಯವ್ವ ತನ್ನ ಕಟ್ಟೆಯಿಂದಲೇ ನೋಡಿದಳು. ಮರುದಿನ ಬೆಳಿಗ್ಗೆ ನೀರು ತುಂಬುವಾಗ ಪೂನಮ್‌ನ ಕಿವಿಯ ಹತ್ತಿರ ಬಂದಳು.

"ಸಿಟ್ಟಾಗಬ್ಯಾಡವಾ. ಪಾರೀಸಪ್ಪ ಕುಡ್ಯಾಕ ಹತ್ಯಾನೇನ?"

"ಏನ್ ಮಾತಾಡ್ತೀರಿ ಕಾಕೂ! ಹೊತ್ತ ಮುಣಗಿದ ಮ್ಯಾಲ ಒಂದ ತುತ್ತ ಅನ್ನ ಮುಟ್ಟಲಾರದವರು..."

"ಅದು ಖರೇನ. ಆದ್ರ ಕಣ್ಣಿಗಿ ಕಂಡಿದ್ದು ಹೇಳ್ದೆ."

ಪೂನಮ್‌ಗೆ ಅಳು ಬಂತು. ಅವಮಾನಕ್ಕಲ್ಲ, ಮಾಯವ್ವ ಹೇಳಿದ್ದು ಒಂದು ಗಳಿಗೆ ನಿಜವಿರಬಹುದೇ ಎಂದು ತನಗೂ ಅನ್ನಿಸಿದ್ದಕ್ಕೆ. ಗುರುವಾರ ಸುಯಶನಿಗೆ ರಜೆ. ಅಂದು ಸಂಜೆ ಗುಳಿಗೆ ನುಂಗಿ ಗಂಟೆಯಾಗುತ್ತಲೇ ಪಾರೀಸ ಮಗನ ಮೇಲೆ ಹರಿಹಾಯ್ದ. ಬೈಕಿನ ಕೀಲಿ ಯಾಕೆ ಮೊಳೆಗೆ ಹಾಕಿದೆ ಎಂದು ಜಗಳ. ಅದು ದಿನವೂ ಅದೇ ಮೊಳೆಗೆ ಇರುವ ಕೀಲಿ. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಒಂದು ಗದರಿಕೆ ಕೇಳದ ಹುಡುಗ ಬೆಪ್ಪಾಗಿ ನಿಂತ. ಆಮೇಲೆ ಅಪ್ಪನ ಹೆಗಲು ಹಿಡಿದು ಕೂರಿಸುವ ನೆಪದಲ್ಲಿ ಬಗ್ಗಿ ಅವನ ಬಾಯಿಯ ವಾಸನೆ ನೋಡಿದ. ಪೂನಮ್ ಅದನ್ನು ಕಂಡಳು. ಮಗನೂ ಅವಳು ಕಂಡದ್ದನ್ನು ಕಂಡ.

"ಏನೂ ಇಲ್ಲವ್ವಾ," ಎಂದ ಮೆಲ್ಲಗೆ. ಅದು ಸಮಾಧಾನದ ಮಾತಾಗಬೇಕಿತ್ತು. ಇಬ್ಬರಿಗೂ ಇನ್ನಷ್ಟು ಭಯವಾಯಿತು.

ಶುಕ್ರವಾರ ಬೆಳಿಗ್ಗೆ ಪಾರೀಸ ಎದ್ದಾಗ ಬನಿಯನ್ನು ಹಿಂಡುವಷ್ಟು ತೊಯ್ದಿತ್ತು, ತಲೆ ಸಿಡಿಯುತ್ತಿತ್ತು. ತಿಂಡಿ ತಿಂದ ಮೇಲೆ ಮಾತ್ರ ಏನೂ ಆಗದವನಂತೆ ನಕ್ಕ. ಹಿಂದಿನ ಸಂಜೆಯ ಜಗಳ ಅವನಿಗೆ ನೆನಪೇ ಇರಲಿಲ್ಲ.

"ಇವತ್ತ ಡಾಕ್ಟರ ಕಡೆ ಹೋಗೂಣು ನಡೀರಿ," ಎಂದಳು ಪೂನಮ್.

"ಇವತ್ತ ಹ್ವಾದ್ರ ನಂದೂ ಖಾಡೆ, ನಿಂದೂ ಖಾಡೆ, ಇಬ್ಬರದೂ ದಿನದ ಪಗಾರ ಹೋಗ್ತದ. ಮ್ಯಾಲ ಡಾಕ್ಟರ ಫೀ. ಸೋಮಾರ ಪಗಾರ ಆಗ್ತದ, ಸೋಮಾರ ಹೋಗೂಣಂತ."

"ನೀವು ಏನೇನೋ ಆಗಾಕತ್ತೀರಿ. ನನಗ ಅಂಜಿಕಿ ಬರ್ತದ."

"ನನಗೇನಾಗ್ತದ? ನೇಮ ಐತಿ, ನೀ ಅದಿ," ಎಂದು ಚಪ್ಪಲಿ ಮೆಟ್ಟಿ ಹೊರಟ. ಅವನ ಬೆನ್ನು ಓಣಿ ತಿರುಗುವವರೆಗೆ ನೋಡಿದಳು. ಸೋಮವಾರ ದೂರವೇನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಅಂದು ಖಾನಾವಳಿಯಲ್ಲಿ ಬಸವಣ್ಣೆವ್ವ, ಭಾನುವಾರ ಕಾಕತಿಯಲ್ಲಿ ಒಂದು ಮನೆಯ ವಾಸ್ತುಶಾಂತಿ ಇದೆ, ಶನಿವಾರ ಸಂಜೆತನಕ ಕೂತು ಕಡಕ್ ರೊಟ್ಟಿ ಮಾಡಿಕೊಡುತ್ತೀಯಾ ಎಂದು ಕೇಳಿದಳು. ಡಾಕ್ಟರ ಫೀ ಅದರಲ್ಲೇ ಹುಟ್ಟುತ್ತದೆ ಎಂದು ಪೂನಮ್ ಒಪ್ಪಿಕೊಂಡಳು. ಶನಿವಾರ ಬೆಳಿಗ್ಗೆಯೇ ಭಕ್ಕರಿ, ಪಲ್ಲೆ ಮಾಡಿ ಮುಚ್ಚಿಟ್ಟು, "ಬೆಳಕ ಇದ್ದಾಗ ಉಣ್ಣ್ರಿ. ದೀಪ ಹಚ್ಚಿ ಗುಳಿಗಿ ತಗೊಳ್ರಿ," ಎಂದು ಹತ್ತು ಸಲ ಹೇಳಿ ಬಸ್ಸು ಹತ್ತಿದಳು.

ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಫೋನು ಬಂತು. ಹಿಂದೆ ಬಸ್ಸಿನ ಗದ್ದಲ.

"ಮಾಲೀಕ ಒಂದ ಅರ್ಜೆಂಟ್ ಕೆಲಸ ಅಂತ ಕುಂದ್ರಿಸಿಬಿಟ್ಟ. ಊರಾಗಿನ ಟ್ರಾಫಿಕ್ ದಾಟೂದ್ರಾಗ ಹೊತ್ತ ಮುಣಗೇ ಬಿಡ್ತು," ಎಂದ ಪಾರೀಸ.

"ಅಂದ್ರ ಊಟ?"

"ನಾಳಿ ಮುಂಜಾನೆ ಉಂಡ್ರಾತು. ಒಂದ ದಿನಕ್ಕ ಏನಾಗ್ತದ?"

ಅವನು ಉಂಡದ್ದು ಮಧ್ಯಾಹ್ನ ಒಂದು ಗಂಟೆಯ ಡಬ್ಬಿ. ಅದರಲ್ಲಿಯೂ ಅನ್ನವನ್ನು ತಾನೇ ಕಡಿಮೆ ಕಟ್ಟಿದ್ದಳು. ಇನ್ನೇನು ಮಾಡಲೂ ತೋಚದೆ, ಮಾಡಬಹುದಾದ ಒಂದನ್ನಾದರೂ ಮಾಡಿದ ಸಮಾಧಾನಕ್ಕೆ, "ಗುಳಿಗಿ ಅರ ಮರೀಬ್ಯಾಡ್ರಿ," ಎಂದಳು. ಏಳು ಗಂಟೆಗೆ ತಾನೇ ಫೋನು ಮಾಡಿ ಕೇಳಿದಳು. "ತಗೊಂಡೀನಿ ಮಾರಾಯ್ತಿ," ಎಂದ. ಮನೆಯಲ್ಲಿ ಕರೆಂಟಿಲ್ಲ, ಮಲಗುತ್ತೇನೆ ಎಂದು ಫೋನಿಟ್ಟ.

ರೊಟ್ಟಿ ಮುಗಿಯದೆ ಎಂಟು ಗಂಟೆಯಾಯಿತು. ಆಗ ಬಸವಣ್ಣೆವ್ವ ಊಟಕ್ಕೆ ಕೂತಳು. ತಾಟಿಗೆ ಅನ್ನ, ಸಾರು ಬಡಿಸಿಕೊಂಡು, ಸೆರಗಿನ ಗಂಟಿನಿಂದ ಒಂದು ಗುಳಿಗೆ ತೆಗೆದು ಬಾಯಿಗೆ ಹಾಕಿ, ನೀರು ಕುಡಿದವಳೇ ತುತ್ತು ಕಲಸತೊಡಗಿದಳು.

"ನಿಮಗೂ ಸಕ್ಕರಿ ಐತೇನ್ರಿ ಅಕ್ಕಾರ?"

"ಐತವಾ, ಭಾಳ ವರ್ಷಾತು. ಈ ಗುಳಿಗಿ ನುಂಗಿದ ಮ್ಯಾಲ ತಾಟ ಮುಂದಿರಬೇಕ ನೋಡು, ಇಲ್ಲಂದ್ರ ಜೀವಾನ ಹೋಗ್ತೈತಿ. ಹ್ವಾದ ವರ್ಷ ನುಂಗಿ, ಗಿರಾಕಿ ಜೋಡಿ ಮಾತಾಡಕೋತ ಕುಂತೆ. ಮೈಯೆಲ್ಲ ತಣ್ಣಗ ಬೆವತು, ನನ್ನ ಮಗನ್ನ ಹಿಡದು 'ನೀ ಯಾರ್ಲೇ' ಅಂದೆನಂತ. ಬಾಯಾಗ ಸಕ್ಕರಿ ಹಾಕಿದ ಮ್ಯಾಲ ಎಚ್ಚರ ಬಂತು. ತಡ ಆಗಿದ್ರ ಹೋಗಿಬಿಡತಿದ್ರಿ ಅಂದ್ರು ಡಾಕ್ಟರು."

ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಪೂನಮ್ ಅದನ್ನು ತಿರುವಿ ಹಾಕಲಿಲ್ಲ. ಇದು ಯಾರ ಅಂಗಿ? ತೊಯ್ದ ಬನಿಯನ್ನು. ಮೊಳೆಯ ಮೇಲಿನ ಕೀಲಿ. ಒಂದು ತಿಂಗಳು ಪ್ರತಿದಿನ ತಾನೇ, ತನ್ನ ಕೈಯಿಂದಲೇ, ಅವನ ಅಂಗೈಯಲ್ಲಿ ಇಟ್ಟದ್ದು. ಇಂದು ಫೋನು ಮಾಡಿ ನೆನಪಿಸಿ ನುಂಗಿಸಿದ್ದು.

ಪಾರೀಸ ಫೋನು ಎತ್ತಲಿಲ್ಲ. ಮಾಯವ್ವನಿಗೆ ಮಾಡಿದಳು. "ಕಾಕೂ, ಓಡ್ರಿ, ಅವರ ಬಾಯಾಗ ಸಕ್ಕರಿ ಹಾಕ್ರಿ. ಏನೂ ಕೇಳಬ್ಯಾಡ್ರಿ, ಮೊದಲ ಹಾಕ್ರಿ." ಸುಯಶ ಹಿಂಡಲಗಾ ರಸ್ತೆಯಲ್ಲಿದ್ದ, ಪಾರ್ಸೆಲ್ಲನ್ನು ಯಾರದೋ ಬಾಗಿಲಲ್ಲಿಟ್ಟು ಖಾನಾವಳಿಗೆ ಬಂದ. ಅವಳು ಬೈಕು ಹತ್ತುವಾಗ ಮಾಯವ್ವನ ಫೋನು ಬಂತು.

"ಕುಂತಾನವಾ, ಕಣ್ಣ ತಗದಾನ. ಆದ್ರ ಹಲ್ಲ ಕಚ್ಚಿ ಹಿಡದಾನ. ಸಕ್ಕರಿ ನೀರ ಬಾಯಿಗಿ ಹಚ್ಚಿದ್ರ ಉಗುಳ್ತಾನ. ಹೊತ್ತ ಮುಣಗೇತಿ, ಹೊತ್ತ ಮುಣಗೇತಿ ಅನ್ನಾಕತ್ತಾನ."

"ಔಷಧ ಅಂತ ಹೇಳ್ರಿ!"

"ಹೇಳಿದೆ. ಸಕ್ಕರಿ ಔಷಧ ಅಲ್ಲ ಅಂತಾನ."

ಸುಯಶ 108ಕ್ಕೆ ಫೋನು ಮಾಡಿದ. ಗಾಡಿ ಕಳಿಸುತ್ತೇವೆ ಎಂದರು. ಬೈಕು ಖಾನಾಪುರ ರಸ್ತೆ ಹಿಡಿಯಿತು. ಮಚ್ಛೆ ದಾಟುವವರೆಗೆ ಪೂನಮ್ ಮಗನ ಹೆಗಲು ಗುದ್ದುತ್ತ "ಲಗೂನ ಹೊಡಿ" ಎನ್ನುತ್ತಿದ್ದಳು. ಎದುರಿಗೊಂದು ಲಾರಿ ಬಂದರೆ ಅದೇ ಹೆಗಲನ್ನು ಅಪ್ಪಿ ಹಿಡಿದು "ಸಾವಕಾಶ, ಸಾವಕಾಶ" ಎನ್ನುತ್ತಿದ್ದಳು.

"ಒಂದ ಹೇಳವ್ವಾ, ಲಗೂನೋ ಸಾವಕಾಶೋ?" ಎಂದು ಹುಡುಗ ಗಾಳಿಯಲ್ಲಿ ಕೂಗಿದ. ಎರಡು ಜೀವಗಳ ನಡುವೆ ಅವಳು ಕುಳಿತಿದ್ದಳು.

ಓಣಿಯಲ್ಲಿ ಗವ್ವೆನ್ನುವ ಕತ್ತಲು. ಕರೆಂಟು ಇನ್ನೂ ಬಂದಿರಲಿಲ್ಲ. ಸುಯಶ ಬೈಕನ್ನು ಅಂಗಳಕ್ಕೇ ನುಗ್ಗಿಸಿ, ದೀಪ ಬಾಗಿಲಿಗೆ ಎದುರಾಗುವ ಹಾಗೆ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟ. ಹಳೆಯ ಗಾಡಿಯ ಹಳದಿ ಬೆಳಕು ಒಳಗಿನ ಗೋಡೆಯ ಮೇಲೆ ಬಿತ್ತು. ಪಾರೀಸ ಕಂಬಕ್ಕೆ ಒರಗಿ ಕುಳಿತಿದ್ದ. ಎದೆಯ ಮೇಲೆಲ್ಲ ಸಕ್ಕರೆ ನೀರು ಚೆಲ್ಲಿತ್ತು. ಮಾಯವ್ವ ಒಂದು ಕೈಯಲ್ಲಿ ಮೇಣಬತ್ತಿ, ಇನ್ನೊಂದರಲ್ಲಿ ಸಕ್ಕರೆ ನೀರಿನ ವಾಟಗ ಹಿಡಿದು ಅವನ ಮುಂದೆ ಬಗ್ಗಿದ್ದಳು.

"ನಾ ಬಂದೀನ್ರೀ. ಬಾಯಿ ತಗೀರಿ."

ಅವನ ಕಣ್ಣು ಅವಳ ಮೇಲಿತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಚಮಚೆ ಹಲ್ಲಿಗೆ ಬಡಿದು ಸಪ್ಪಳವಾಯಿತು. ಬೆರಳು ಹಾಕಿ ಬಿಡಿಸಲು ಹೋದರೆ ಕಚ್ಚಿದ. "ಸುಯಶ," ಎಂದ ಹಲ್ಲಿನ ಸಂದಿಯಿಂದ. "ಸುಯಶಗ... ಬ್ಯಾಡ."

ಆ ಗಳಿಗೆಯಲ್ಲಿ ಅವಳಿಗೆ ಅವನ ಮೇಲೆ ಬಂದಷ್ಟು ಸಿಟ್ಟು ಇಡೀ ಸಂಸಾರದಲ್ಲಿ ಬಂದಿರಲಿಲ್ಲ, ಅಷ್ಟೊಂದು ಪ್ರೀತಿಯೂ. ಏನೂ ನೆನಪಿಲ್ಲದವನಿಗೆ ಇದೊಂದು ಮಾತ್ರ ನೆನಪಿತ್ತು. ಅವಳು ಗೋಡೆಯ ಕಡೆ ನೋಡಿದಳು. ಬೆಳಕು ಅಲ್ಲಿ ಹರಡಿ ಕೂತಿತ್ತು.

"ಹೊತ್ತ ಇನ್ನೂ ಮುಣಗಿಲ್ರೀ," ಎಂದಳು. "ಖರೇನ. ಗ್ವಾಡಿ ಮ್ಯಾಲ ಬಿಸಲ ನೋಡ್ರಿ."

ಅವನ ಕಣ್ಣು ನಿಧಾನಕ್ಕೆ ಅತ್ತ ಹೊರಳಿತು.

"ಸುಯಶಾ, ರೇಸ್ ಮಾಡೋ!" ಹೊರಗೆ ಎಂಜಿನ್ ಗುಡುಗಿತು. ಗೋಡೆಯ ಮೇಲಿನ ಹಳದಿ ಕಣ್ಣು ಕುಕ್ಕುವಷ್ಟಾಯಿತು. ಪಾರೀಸನ ದವಡೆ ಸಡಿಲಾಯಿತು. ಅವಳು ಒಂದು ಚಮಚೆ ಹಾಕಿದಳು, ನುಂಗಿದ. ಇನ್ನೊಂದು ಹಾಕಿದಳು. ವಾಟಗದ ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ಬೆರಳಿನಿಂದ ಬಳಿದು ಅವನ ಒಸಡಿಗೆ ತಿಕ್ಕಿದಳು. ಅಷ್ಟು ವರ್ಷದ ನೇಮ, ಸದ್ದೇ ಇಲ್ಲದೆ, ಅವಳ ಬೆರಳ ತುದಿಯಲ್ಲಿ ಮುರಿಯಿತು.

ಸುಯಶನ ಫೋನು ರಿಂಗಾಯಿತು. 108ರ ಗಾಡಿಯವರು ಹೈವೇ ತಿರುವಿನಲ್ಲಿ ನಿಂತಿದ್ದರು. ಕತ್ತಲಲ್ಲಿ ಓಣಿ ಸಿಗುತ್ತಿಲ್ಲ ಎಂದರು.

"ನಾ ಹೋಗಿ ಕರಕೊಂಡ ಬರ್ತೀನವ್ವಾ."

ಬೇಡ ಎನ್ನಬೇಕೆನಿಸಿತು. ಈಗ ಬೇಡ, ನೇಮ ಮುರಿದ ಈ ಹೊತ್ತು ಬೇಡ. ಗಂಡನ ಕೈ ಅವಳ ಕೈಯಲ್ಲಿ ಇನ್ನೂ ತಣ್ಣಗೇ ಇತ್ತು.

"ಹೋಗು," ಎಂದಳು.

ಅಂಗಳದಲ್ಲಿ ಬೈಕು ತಿರುಗಿತು. ಬೆಳಕು ಗೋಡೆಯಿಂದ ಜಾರಿ, ಮೊಳೆಯನ್ನು ದಾಟಿ, ಬಾಗಿಲ ಚೌಕಟ್ಟನ್ನು ದಾಟಿ ಹೊರಗೆ ಹೋಯಿತು. ಮೇಣಬತ್ತಿಯಷ್ಟೇ ಉಳಿಯಿತು. ಅಷ್ಟರಲ್ಲಿ ಪಾರೀಸ ಅವಳ ಮುಖವನ್ನು ನೋಡಿದ. ಈ ಸಲ ನಿಜವಾಗಿಯೂ ನೋಡಿದ.

"ಪೂನಮ್... ಹೊತ್ತ ಮುಣಗಿತೇನ?"

"ಹೂಂ ರೀ. ಈಗಷ್ಟ ಮುಣಗಿತು."

ಅವನು ನಾಲಿಗೆಯಿಂದ ತುಟಿ ಸವರಿಕೊಂಡ. ಸಿಹಿ ತಗುಲಿರಬೇಕು, ಹುಬ್ಬು ಗಂಟಿಕ್ಕಿತು.

"ಸುಯಶ ಎಲ್ಲದಾನ?"

"ಬರ್ತಾನ," ಎಂದಳು. ಅಂಟು ಬೆರಳುಗಳಿಂದಲೇ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಓಣಿಯ ಕೊನೆಯಲ್ಲಿ ಬೈಕಿನ ಸಪ್ಪಳವನ್ನು ಆಲಿಸಿದಳು. ಅದು ಹೈವೇ ಮುಟ್ಟಿ ಲಾರಿಗಳ ಸಪ್ಪಳದಲ್ಲಿ ಸೇರಿಕೊಂಡಿತು. ಆಮೇಲೆ ಯಾವುದು ತಮ್ಮದು ಎಂದು ಅವಳಿಗೆ ಗೊತ್ತಾಗಲಿಲ್ಲ.